ಜರ್ಮನಿ ಆಡಿತೆಂದು ಎಲ್ಲರೂ ಆಡಬೇಕಿಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಕ್ರೀಡಾಪುಟದಲ್ಲಿ ಪ್ರಕಟವಾದ ಲೇಖನವೊಂದು, ಕೊರೊನಾದಿಂದಾಗಿ ನಿಂತಿದ್ದ ಜರ್ಮನಿಯ ಅಗ್ರ ಫುಟ್‌ಬಾಲ್ ಲೀಗ್ ಬುಂಡೆಸ್‌ಲಿಗಾ 2020ರ ಮೇ 16ರಿಂದ ಸುಸೂತ್ರವಾಗಿ ನಡೆಯುತ್ತಿರುವುದನ್ನು ಮುಂದಿಟ್ಟು, ವೃತ್ತಿಪರ ಫುಟ್‌ಬಾಲ್ ಅನ್ನು ಇನ್ನು ಎಲ್ಲ ಕಡೆಯೂ, ನಮ್ಮಲ್ಲಿಯೂ ಆರಂಭಿಸಲು ಅಡ್ಡಿಯೇನೂ ಇಲ್ಲವೆಂದು ವಾದಿಸಿತ್ತು. ಲೇಖಕರ ಉತ್ಸಾಹ ನನಗೆ ಅರ್ಥವಾಗುತ್ತದೆ. ಕಾರ್ಖಾನೆಯೊಂದರ ತಂಡಕ್ಕಾಗಿ ಬೆಂಗಳೂರಿನ ಲೀಗ್‌ನಲ್ಲಿ ಹದಿನಾಲ್ಕು ವರ್ಷ ಸ್ಟಾಪರ್ ಬ್ಯಾಕ್ (ರಕ್ಷಣಾ ಆಟಗಾರ) ಆಗಿ ಆಡಿದ, ನಿವೃತ್ತಿಯ ಬಳಿಕ ಬಡಾವಣೆಯ ಹುಡುಗರಿಗೆ ಬೆಳಗಿನ ಹೊತ್ತು ಆಟ ಹೇಳಿಕೊಡುವ ನಾನು ಈ ಎರಡೂವರೆ ತಿಂಗಳನ್ನು ಹೇಗೆ ಕಳೆದೆನೆಂಬುದನ್ನು ನನ್ನ ಮನೆಯವರೇ ಹೇಳಬೇಕು. ಆದರೂ ಆ ವಾದವನ್ನು ಒಪ್ಪಲು ನನ್ನಿಂದ ಆಗಲಿಲ್ಲ. ಜರ್ಮನಿ ಆಡಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ಅದು ಯಾವ ಬಲದ ಮೇಲೆ ಆಡಿತು ಎಂಬುದನ್ನು ಬಿಟ್ಟು, ಆಡಿತು ಎಂಬುದೊಂದನ್ನೇ ಹಿಡಿದುಕೊಂಡರೆ ದಾರಿ ತಪ್ಪುತ್ತೇವೆ.

ಆ ಶನಿವಾರ ಸಂಜೆ ಏಳಕ್ಕೆ ಡಾರ್ಟ್‌ಮಂಡ್ ಮತ್ತು ಶಾಲ್ಕೆ ತಂಡಗಳ ಪಂದ್ಯವನ್ನು ನಾನೂ ಟಿ.ವಿ. ಮುಂದೆ ಕುಳಿತು ನೋಡಿದೆ. 81 ಸಾವಿರಕ್ಕೂ ಹೆಚ್ಚು ಜನರು ತುಂಬುವ ಕ್ರೀಡಾಂಗಣದಲ್ಲಿ ಅಂದು ಆಟಗಾರರೂ ಸೇರಿದಂತೆ ಸುಮಾರು ಮುನ್ನೂರು ಮಂದಿಗಷ್ಟೇ ಅವಕಾಶವಿತ್ತು. ಬದಲಿ ಆಟಗಾರರು ಮಾಸ್ಕ್ ಹಾಕಿಕೊಂಡು ಒಬ್ಬರಿಂದೊಬ್ಬರು ದೂರ ಕುಳಿತಿದ್ದರು. 29ನೇ ನಿಮಿಷದಲ್ಲಿ ಡಾರ್ಟ್‌ಮಂಡ್‌ನ ಹಾಲಂಡ್ ಗೋಲು ಹೊಡೆದಾಗ ಜೊತೆಗಾರರು ಓಡಿ ಬಂದರಾದರೂ ತಬ್ಬಿಕೊಳ್ಳಲಿಲ್ಲ. ಚೆಂಡಿಗೆ ಬೂಟು ತಾಗುವ ಸದ್ದು, ತರಬೇತುದಾರರ ಕೂಗು, ಗೋಲುಕೀಪರ್ ತನ್ನ ಡಿಫೆಂಡರ್‌ಗಳನ್ನು ಗದರುವುದು, ಎಲ್ಲವೂ ಸ್ಪಷ್ಟವಾಗಿ ಕೇಳುತ್ತಿತ್ತು. ನಗು ಬಂತು. ವಾರದ ನಡುವೆ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಕೆಳ ಡಿವಿಷನ್ ಪಂದ್ಯ ನಡೆಯುವಾಗ ಗ್ಯಾಲರಿಯಲ್ಲಿ ನಾಲ್ಕಾರು ಅಣ್ಣತಮ್ಮಂದಿರು, ಒಬ್ಬ ಕಡಲೆಕಾಯಿ ಮಾರುವವನನ್ನು ಬಿಟ್ಟರೆ ಯಾರೂ ಇರುವುದಿಲ್ಲ. ನಾವು ಆಡಿದ್ದೆಲ್ಲ ಇಂಥ ಸದ್ದಿನಲ್ಲೇ. 4-0ಯಿಂದ ಗೆದ್ದ ಮೇಲೆ ಡಾರ್ಟ್‌ಮಂಡ್ ಆಟಗಾರರು ಎಂದಿನಂತೆ ದಕ್ಷಿಣದ ಗ್ಯಾಲರಿಯ ಮುಂದೆ ಸಾಲಾಗಿ ನಿಂತು, ಅಲ್ಲಿ ನರಪಿಳ್ಳೆಯೂ ಇಲ್ಲದಿದ್ದರೂ ಕೈಯೆತ್ತಿ ನಮಸ್ಕರಿಸಿದರು. ಅದೇ ಕ್ರೀಡಾಂಗಣದ ಉತ್ತರದ ಗ್ಯಾಲರಿಯ ಭಾಗದಲ್ಲಿ ಏಪ್ರಿಲ್ ಮೊದಲ ವಾರದಲ್ಲಿ ಕೊರೊನಾ ಶಂಕಿತರ ತಪಾಸಣಾ ಕೇಂದ್ರ ತೆರೆದಿದ್ದರು.

ಆಟವನ್ನು ನಿಲ್ಲಿಸಬೇಕಾಗಿ ಬಂದದ್ದೇಕೆ ಎಂಬುದನ್ನೂ ನೆನೆಯಬೇಕು. ಫೆಬ್ರುವರಿ 19ರಂದು ಇಟಲಿಯ ಮಿಲಾನ್‌ನ ಸ್ಯಾನ್ ಸಿರೊ ಕ್ರೀಡಾಂಗಣದಲ್ಲಿ ಬೆರ್ಗಮೊ ನಗರದ ಅಟಲಾಂಟಾ ಮತ್ತು ಸ್ಪೇನ್‌ನ ವೆಲೆನ್ಸಿಯಾ ತಂಡಗಳು ಆಡಿದಾಗ, ಸುಮಾರು 40 ಸಾವಿರ ಮಂದಿ ಬೆರ್ಗಮೊದಿಂದ ಬಸ್ಸು, ರೈಲುಗಳಲ್ಲಿ ಒತ್ತೊತ್ತಾಗಿ ಕುಳಿತು ಹೋಗಿದ್ದರು. ತಮ್ಮ ತಂಡ ನಾಲ್ಕು ಗೋಲು ಹೊಡೆಯಿತು. ನಾಲ್ಕು ಸಲವೂ ಪಕ್ಕದವರನ್ನು ತಬ್ಬಿಕೊಂಡು ಕುಣಿದರು. ಕೆಲವೇ ವಾರಗಳಲ್ಲಿ ಬೆರ್ಗಮೊದ ಶವಪೆಟ್ಟಿಗೆಗಳನ್ನು ಸೇನೆಯ ಲಾರಿಗಳು ಹೊತ್ತೊಯ್ಯುವ ಚಿತ್ರ ನಿಮ್ಮ ಪತ್ರಿಕೆಯಲ್ಲೂ ಬಂತು. ವೆಲೆನ್ಸಿಯಾ ಕ್ಲಬ್ಬಿನಲ್ಲಿ ಆಟಗಾರರು, ಸಿಬ್ಬಂದಿ ಸೇರಿ ಸುಮಾರು ಶೇ 35ರಷ್ಟು ಮಂದಿಗೆ ಸೋಂಕು ತಗುಲಿತು. ಆ ಹೊತ್ತಿಗೆ ಯಾರಿಗೂ ಗೊತ್ತಿರಲಿಲ್ಲ ಎನ್ನಬಹುದು. ಆದರೆ ಮಾರ್ಚ್ 11ರಂದು, ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಜಾಗತಿಕ ಪಿಡುಗೆಂದು ಘೋಷಿಸಿದ ದಿನವೇ, ಮ್ಯಾಡ್ರಿಡ್‌ನಲ್ಲಿ ಶಾಲೆಗಳು ಮುಚ್ಚಿ, ಸ್ಪೇನ್‌ನ ಪಂದ್ಯಗಳಿಗೆ ಪ್ರೇಕ್ಷಕರನ್ನು ನಿಷೇಧಿಸಿದ್ದಾಗಲೇ, ಆ ನಗರದ ಅಟ್ಲೆಟಿಕೊ ತಂಡದ ಸುಮಾರು ಮೂರು ಸಾವಿರ ಅಭಿಮಾನಿಗಳನ್ನು ಪಂದ್ಯ ನೋಡಲು ಇಂಗ್ಲೆಂಡಿನ ಲಿವರ್‌ಪೂಲ್‌ಗೆ ಬಿಟ್ಟುಕೊಂಡದ್ದಕ್ಕೆ ಯಾವ ಸಮಜಾಯಿಷಿಯೂ ಇರಲಾರದು.

ಇನ್ನು ಜರ್ಮನಿಯ ವಿಷಯ. ಅಲ್ಲಿನ ಲೀಗ್ ಆಡಳಿತವು ಆಟಗಾರರನ್ನು ವಾರಕ್ಕೆರಡು ಸಲದಂತೆ ಪರೀಕ್ಷಿಸುವ ಯೋಜನೆ ಹಾಕಿದಾಗ, ದೇಶದ ಒಟ್ಟು ಪರೀಕ್ಷಾ ಸಾಮರ್ಥ್ಯದಲ್ಲಿ ಅದಕ್ಕೆ ಬೇಕಾಗುವುದು ಶೇ 0.4ಕ್ಕಿಂತ ಕಡಿಮೆ ಎಂದು ಲೆಕ್ಕ ಕೊಟ್ಟಿತ್ತು. ನನ್ನ ಮಟ್ಟಿಗೆ ಇಡೀ ಚರ್ಚೆಯ ಕೀಲು ಇಲ್ಲಿದೆ. ಆ ದೇಶದ ಆಸ್ಪತ್ರೆಗಳಲ್ಲಿ ತೀವ್ರ ನಿಗಾ ಘಟಕದ ಹಾಸಿಗೆಗಳು ಖಾಲಿ ಉಳಿದು, ಇಟಲಿ ಮತ್ತು ಫ್ರಾನ್ಸ್‌ನ ರೋಗಿಗಳನ್ನು ಕರೆಸಿಕೊಂಡು ಚಿಕಿತ್ಸೆ ಕೊಟ್ಟಿದ್ದರು. ಫುಟ್‌ಬಾಲ್ ಆಟಗಾರನಿಗೆ ಮಾಡಿದ ಪರೀಕ್ಷೆ ದಾದಿಯೊಬ್ಬಳಿಂದ ಕಿತ್ತುಕೊಂಡದ್ದಲ್ಲ ಎಂದು ಅವರು ಎದೆ ತಟ್ಟಿ ಹೇಳಬಹುದಿತ್ತು. ಹಾಗಿದ್ದೂ ಅಲ್ಲಿಯ ಅಭಿಮಾನಿ ಸಂಘಗಳಲ್ಲಿ ಅನೇಕವು ಈ ಪುನರಾರಂಭವನ್ನು ವಿರೋಧಿಸಿದವು.

ಅಷ್ಟೆಲ್ಲ ಇದ್ದ ಅಲ್ಲಿಯೂ ಎಲ್ಲವೂ ಲೇಖನದಲ್ಲಿ ಹೇಳಿದಷ್ಟು ಸಲೀಸಾಗಿ ನಡೆಯಲಿಲ್ಲ. ಎರಡು ದರ್ಜೆಗಳ 36 ಕ್ಲಬ್‌ಗಳಲ್ಲಿ ಮಾಡಿದ ಮೊದಲ 1,724 ಪರೀಕ್ಷೆಗಳಲ್ಲಿ ಹತ್ತು ಪಾಸಿಟಿವ್ ಬಂದವು. ಎರಡನೇ ದರ್ಜೆಯ ಡೈನಮೊ ಡ್ರೆಸ್ಡೆನ್ ತಂಡದ ಆಟಗಾರರಲ್ಲಿ ಸೋಂಕು ಕಂಡುಬಂದಾಗ ಇಡೀ ತಂಡವನ್ನು 14 ದಿನ ಕ್ವಾರಂಟೈನ್‌ನಲ್ಲಿಟ್ಟರು. ಅಂಕಪಟ್ಟಿಯ ತಳದಲ್ಲಿದ್ದ ಆ ತಂಡ ಉಳಿದವರಿಗಿಂತ ಎರಡು ವಾರ ತಡವಾಗಿ ಕಣಕ್ಕಿಳಿದು, ಬಾಕಿ ಪಂದ್ಯಗಳನ್ನೆಲ್ಲ ಒತ್ತೊತ್ತಾಗಿ ಆಡುತ್ತಿದೆ. ಆಗ್ಸ್‌ಬರ್ಗ್ ತಂಡದ ಹೊಸ ತರಬೇತುದಾರ ಹೈಕೊ ಹೆರ್ಲಿಚ್ ಅವರು ಟೂತ್‌ಪೇಸ್ಟ್ ತರಲೆಂದು ಹೋಟೆಲ್ಲಿನಿಂದ ಹೊರಗೆ ಹೋಗಿದ್ದನ್ನು ತಾವೇ ಪತ್ರಕರ್ತರ ಮುಂದೆ ಹೇಳಿಕೊಂಡು, ತಮ್ಮ ಮೊದಲ ಪಂದ್ಯವನ್ನೇ ಕಳೆದುಕೊಂಡರು. ಎಲ್ಲರೂ ನಕ್ಕರು. ನನಗೆ ಮಾತ್ರ ಅದರಲ್ಲಿ ಆ ವ್ಯವಸ್ಥೆಯ ಗಟ್ಟಿತನ ಕಂಡಿತು. ಒಂದು ಟೂತ್‌ಪೇಸ್ಟಿಗೂ ರಿಯಾಯಿತಿ ಕೊಡದ ಶಿಸ್ತು ನಮ್ಮಲ್ಲಿ ಎಷ್ಟು ದಿನ ನಿಂತೀತು?

ಲೇಖನದಲ್ಲಿ ಒಂದು ಸಾಲಿನ ಸ್ಥಳವೂ ಸಿಗದಿದ್ದ ಸಂಗತಿಯೆಂದರೆ, ಆಡುವುದಿಲ್ಲ ಎನ್ನುವ ಹಕ್ಕು. ಕೊಲೋನ್ ತಂಡದ ಬೆಲ್ಜಿಯಂ ಆಟಗಾರ ಬಿರ್ಗರ್ ವೆರ್‌ಸ್ಟ್ರಾಟೆ, ತಮ್ಮ ತಂಡದಲ್ಲಿ ಮೂವರಿಗೆ ಸೋಂಕು ತಗುಲಿದ್ದರೂ ಉಳಿದವರನ್ನು ಕ್ವಾರಂಟೈನ್ ಮಾಡದೆ ಅಭ್ಯಾಸ ಮುಂದುವರಿಸಿದ್ದು ವಿಚಿತ್ರವೆಂದೂ, ತಮ್ಮ ಸಂಗಾತಿಗೆ ಹೃದಯದ ತೊಂದರೆ ಇದೆಯೆಂದೂ ತಮ್ಮ ದೇಶದ ಟಿ.ವಿ.ಗೆ ಹೇಳಿದರು. ಬಳಿಕ ಕ್ಲಬ್ಬಿನ ಮೂಲಕ ಆ ಮಾತಿಗೆ ತಿದ್ದುಪಡಿ ಬಂತು. ಇಂಗ್ಲೆಂಡಿನ ವ್ಯಾಟ್‌ಫರ್ಡ್ ತಂಡದ ನಾಯಕ ಟ್ರಾಯ್ ಡೀನಿ, ಉಸಿರಾಟದ ತೊಂದರೆಯಿರುವ ಐದು ತಿಂಗಳ ಮಗುವಿದೆಯೆಂದು ಅಭ್ಯಾಸಕ್ಕೆ ಬರಲು ಮೊದಲು ನಿರಾಕರಿಸಿದಾಗ, ಆ ಮಗುವಿಗೇ ಕೇಡು ಬಯಸುವ ಸಂದೇಶಗಳು ಅವರಿಗೆ ಬಂದವು. ಚೆಲ್ಸಿಯ ಎನ್‌ಗೊಲೊ ಕಾಂಟೆ ಅವರಿಗೆ ಮನೆಯಲ್ಲೇ ಅಭ್ಯಾಸ ಮಾಡಲು ಕ್ಲಬ್ ಒಪ್ಪಿತು, ಸಂತೋಷ. ಆದರೆ ಇವರೆಲ್ಲ ಹೆಸರು, ಹಣ ಎರಡೂ ಇರುವವರು. ತಂಡದ ಬಸ್ಸು ಓಡಿಸುವವನು, ಬೆವರಿನ ಜರ್ಸಿಗಳನ್ನು ಒಗೆಯುವವನು, ಗಾಯಾಳುವಿನ ಕಾಲು ಉಜ್ಜುವವನು ನಾಳೆಯಿಂದ ಬರುವುದಿಲ್ಲವೆಂದರೆ ಅವನ ಸಂಬಳದ ಗತಿಯೇನು? ಮನೆಯಲ್ಲಿ ಸಕ್ಕರೆ ಕಾಯಿಲೆಯ ವಯಸ್ಸಾದ ತಾಯಿ ಇರುವುದು ಹೆಚ್ಚಾಗಿ ಇಂಥವರಿಗೇ.

ಹಣದ ಪ್ರಶ್ನೆಯನ್ನು ನಾನು ಹೀಗಳೆಯುವುದಿಲ್ಲ. ಜರ್ಮನಿಯಲ್ಲಿ 56 ಸಾವಿರ ಉದ್ಯೋಗಗಳು ಈ ಆಟವನ್ನು ನೆಚ್ಚಿಕೊಂಡಿವೆ ಎಂದು ಲೀಗ್‌ನ ಮುಖ್ಯಸ್ಥ ಕ್ರಿಸ್ಟಿಯನ್ ಸೈಫರ್ಟ್ ಹೇಳಿದ್ದು ಸುಳ್ಳಲ್ಲ. ಆದರೆ ಜನರ ಮನರಂಜನೆಗಾಗಿ, ದೇಶದ ಮನೋಬಲಕ್ಕಾಗಿ ಆಡುತ್ತೇವೆ ಎಂಬ ಮಾತನ್ನು ಮಾತ್ರ ಬಿಡಬೇಕು. ಇಂಗ್ಲೆಂಡಿನಲ್ಲಿ ಜೂನ್ 17ರಿಂದ ಪುರುಷರ ಪ್ರೀಮಿಯರ್ ಲೀಗ್‌ನ ಬಾಕಿ 92 ಪಂದ್ಯಗಳು ನಡೆಯಲಿವೆ. ಅದೇ ದೇಶದ ಮಹಿಳೆಯರ ಸೂಪರ್ ಲೀಗ್ ಅನ್ನು ಮೇ 25ರಂದು ರದ್ದುಗೊಳಿಸಿ, ಪಂದ್ಯದ ಸರಾಸರಿ ಅಂಕ ಲೆಕ್ಕ ಹಾಕಿ ಚೆಲ್ಸಿಗೆ ಪ್ರಶಸ್ತಿ ಕೊಟ್ಟರು. ವೈರಾಣು ಹೆಣ್ಣು ಗಂಡೆಂದು ನೋಡಿ ಬರಲಿಲ್ಲ; ತೀರ್ಮಾನ ಮಾತ್ರ ಟಿ.ವಿ. ಹಕ್ಕಿನ ದುಡ್ಡು ನೋಡಿತು. ಜರ್ಮನಿಯವರು ಮಹಿಳೆಯರ ಲೀಗ್ ಅನ್ನೂ ಮೇ 29ರಿಂದ ಆಡಿಸುತ್ತಿರುವುದನ್ನು ಇಲ್ಲಿ ಹೇಳದಿದ್ದರೆ ಅವರಿಗೆ ಅನ್ಯಾಯವಾಗುತ್ತದೆ.

ನಿಲ್ಲಿಸಿದವರೂ ಸುಖವಾಗಿಲ್ಲ. ಫ್ರಾನ್ಸ್ ಏಪ್ರಿಲ್ ಕೊನೆಯಲ್ಲಿ ಪ್ಯಾರಿಸ್‌ನ ಪಿಎಸ್‌ಜಿ ಕ್ಲಬ್ಬನ್ನು ಚಾಂಪಿಯನ್ ಎಂದು ಘೋಷಿಸಿ ಬಾಗಿಲು ಹಾಕಿತು. ಏಳನೇ ಸ್ಥಾನದಲ್ಲಿ ಸಿಕ್ಕಿಬಿದ್ದ ಲಿಯೊನ್ ಕ್ಲಬ್ಬಿನ ಅಧ್ಯಕ್ಷರು ಅಂದಿನಿಂದ ಜಗಳವಾಡುತ್ತಲೇ ಇದ್ದಾರೆ. ನೆದರ್ಲೆಂಡ್ಸ್ ಚಾಂಪಿಯನ್ ಪಟ್ಟವನ್ನು ಯಾರಿಗೂ ಕೊಡಲಿಲ್ಲ. ಈ ವಿಷಯದಲ್ಲಿ ನಮ್ಮ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ನಡೆದುಕೊಂಡ ರೀತಿಯನ್ನು ಮೆಚ್ಚಬೇಕು, ಅದನ್ನು ಮೆಚ್ಚುವ ಅವಕಾಶ ಅಪರೂಪವಾದ್ದರಿಂದ ತುಸು ಗಟ್ಟಿಯಾಗಿಯೇ ಮೆಚ್ಚಬೇಕು. ನಮ್ಮ ದೇಶದ ಕ್ಲಬ್‌ಗಳ ಐ–ಲೀಗ್‌ನ ಉಳಿದ 28 ಪಂದ್ಯಗಳನ್ನು ರದ್ದುಪಡಿಸಿ, ಅದಾಗಲೇ ಯಾರೂ ಹಿಡಿಯಲಾಗದಷ್ಟು ಮುಂದಿದ್ದ ಮೋಹನ್ ಬಾಗಾನ್‌ಗೆ ಪಟ್ಟ ಕಟ್ಟಿ, ಯಾರನ್ನೂ ಕೆಳದರ್ಜೆಗೆ ತಳ್ಳದೆ, ಮಿಕ್ಕ ಬಹುಮಾನದ ಹಣವನ್ನು ಉಳಿದ ಹತ್ತು ತಂಡಗಳಿಗೆ ಸಮನಾಗಿ ಹಂಚಲು ತೀರ್ಮಾನಿಸಿತು.

ಇನ್ನು ನಮ್ಮ ಊರಿಗೆ ಬರುತ್ತೇನೆ. ಕೇಂದ್ರ ಗೃಹ ಸಚಿವಾಲಯವು ಪ್ರೇಕ್ಷಕರಿಲ್ಲದೆ ಕ್ರೀಡಾಂಗಣಗಳನ್ನು ತೆರೆಯಲು ಮೇ 18ರಿಂದಲೇ ಅನುಮತಿ ನೀಡಿದೆ ಎಂದು ಲೇಖಕರು ಬರೆದಿರುವುದು ನಿಜ. ಆದರೆ ಬಾಗಿಲ ಬೀಗ ತೆಗೆದ ಮಾತ್ರಕ್ಕೆ ಲೀಗ್ ನಡೆಸಲಾಗುವುದಿಲ್ಲ. ಮೇ ತಿಂಗಳ ಕೊನೆಯಲ್ಲಿ ನನ್ನ ನಾದಿನಿಯ ಗಂಟಲು ದ್ರವ ತೆಗೆದುಕೊಂಡು ಹೋದವರು ವರದಿ ತಿಳಿಸಿದ್ದು ಆರನೆಯ ದಿನ. ಅಷ್ಟೂ ದಿನ ಆಕೆಯ ಮನೆಯ ಬಾಗಿಲಿಗೆ ನೋಟಿಸ್ ಅಂಟಿತ್ತು, ಹಾಲು ಹಾಕುವ ಹುಡುಗ ಮೆಟ್ಟಿಲ ಕೆಳಗೇ ಪಾಕೀಟು ಇಟ್ಟು ಓಡುತ್ತಿದ್ದ. ವರದಿ ನೆಗೆಟಿವ್ ಬಂತು. ಗಾರ್ಮೆಂಟ್ಸ್ ಕೆಲಸದ ಆರು ದಿನದ ಸಂಬಳ ಮಾತ್ರ ಬರಲಿಲ್ಲ. ಇಂಥ ಸ್ಥಿತಿಯಲ್ಲಿ ತಂಡವೊಂದಕ್ಕೆ ಆಟಗಾರರು, ಸಿಬ್ಬಂದಿ ಸೇರಿ ನಲವತ್ತು ಮಂದಿಯೆಂದು ಹಿಡಿದು, ವಾರಕ್ಕೆರಡು ಸಲ ಪರೀಕ್ಷೆ ಮಾಡಿಸಿದರೆ ಎಂಬತ್ತು ಪರೀಕ್ಷೆಯಾಯಿತು. ಖಾಸಗಿ ಪ್ರಯೋಗಾಲಯಗಳಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮೊನ್ನೆ ಮೊನ್ನೆಯವರೆಗೆ ನಿಗದಿಪಡಿಸಿದ್ದ ಗರಿಷ್ಠ ದರ 4,500 ರೂಪಾಯಿ. ಅದರಂತೆ ಒಂದು ತಂಡಕ್ಕೆ ಒಂದು ವಾರಕ್ಕೆ 3.6 ಲಕ್ಷ ರೂಪಾಯಿ. ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ತಂಡಗಳು ಇದನ್ನು ಭರಿಸಬಹುದೇನೋ. ನಾನು ಬಲ್ಲ ಸ್ಥಳೀಯ ಕ್ಲಬ್‌ಗಳಲ್ಲಿ ಇಡೀ ವರ್ಷದ ಬೂಟು, ಜರ್ಸಿ, ಊಟ, ಆಟೊ ಖರ್ಚೆಲ್ಲ ಕೂಡಿಸಿದರೂ ಅಷ್ಟಾಗುವುದಿಲ್ಲ. ಪರೀಕ್ಷೆಯಿಲ್ಲದೆ, ಥರ್ಮಾಮೀಟರನ್ನು ಹಣೆಗೆ ಹಿಡಿದು ಆಡಿಸುತ್ತೇವೆ ಎನ್ನುವವರು ಬುಂಡೆಸ್‌ಲಿಗಾದ ಹೆಸರೆತ್ತದಿದ್ದರೆ ಒಳ್ಳೆಯದು.

ಆದ್ದರಿಂದ ಲೀಗ್‌ನ ದಿನಾಂಕ ಗೊತ್ತುಮಾಡುವ ಮೊದಲು ಸಂಘಟಕರು ಮೂರು ವಿಷಯಗಳನ್ನು ಲಿಖಿತವಾಗಿ ಪ್ರಕಟಿಸಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ: ಪರೀಕ್ಷೆಯ ವೆಚ್ಚವನ್ನು ಯಾರು ಕೊಡುತ್ತಾರೆ, ನಮ್ಮ ಬೀದಿಯ ಜನಸಾಮಾನ್ಯರಿಗೆ ವರದಿ ತಡವಾಗದಂತೆ ಆ ಪರೀಕ್ಷೆ ನಡೆಯುವುದು ಹೇಗೆ, ಮತ್ತು ಬರಲು ಒಪ್ಪದ ಆಟಗಾರ ಅಥವಾ ಕೆಲಸಗಾರನಿಗೆ ಸಂಬಳ ಉಂಟೋ ಇಲ್ಲವೋ. ಪಂದ್ಯದ ದಿನ ಸಿಗುವ ಐನೂರು, ಸಾವಿರ ರೂಪಾಯಿಯನ್ನು ನೆಚ್ಚಿಕೊಂಡು, ಈಗ ತರಕಾರಿ ಗಾಡಿ ತಳ್ಳುತ್ತಿರುವ ಇಬ್ಬರು ಹುಡುಗರು ನಮ್ಮ ಬಡಾವಣೆಯಲ್ಲೇ ಇದ್ದಾರೆ. ಲೀಗ್ ಶುರುವಾಗುವ ತನಕ ಇಂಥವರಿಗೆ ತಿಂಗಳಿಗಿಷ್ಟೆಂದು ಸಹಾಯ ಮಾಡಲು ಪರೀಕ್ಷೆಗೆ ಬೇಕಾಗುವಷ್ಟು ಹಣ ಬೇಕಿಲ್ಲ. ಮೈದಾನ ಯಾವಾಗ ತೆರೆಯುತ್ತೀರಿ ಎಂದು ಅವರು ದಿನವೂ ಕೇಳುತ್ತಾರೆ. ಸದ್ಯಕ್ಕೆ ಒಬ್ಬೊಬ್ಬರೇ ಹಿಂದಿನ ಗೋಡೆಗೆ ಚೆಂಡು ಒದ್ದು, ಎಡಗಾಲನ್ನು ಪಳಗಿಸಿಕೊಳ್ಳಿ ಎಂದು ಹೇಳಿದ್ದೇನೆ.

ಇಂತಿ,
ಹಳೆಯ ಸ್ಟಾಪರ್ ಬ್ಯಾಕ್ ಒಬ್ಬ
ಆಸ್ಟಿನ್ ಟೌನ್, ಬೆಂಗಳೂರು
ಜೂನ್ 8, 2020