ನರ ಪರೀಕ್ಷೆಯ ದಿನ ಕೈಗೆ ಎಣ್ಣೆ ಬೇಡ

ಸಂಪಾದಕರೇ,

ಕೈಕಾಲು ಜೋಮಿನ ಕುರಿತ ತಮ್ಮ ಲೇಖನ ನರವನ್ನು ಕರೆಂಟಿನ ವಯರಿಗೆ ಹೋಲಿಸಿದ್ದು ಅರ್ಧ ಸರಿ. ದಪ್ಪ ನರತಂತುಗಳ ಸುತ್ತ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುವುದು ನಿಜ. ಆದರೆ ಅದು ಅಖಂಡವಲ್ಲ. ಸುಮಾರು ಒಂದು ಮಿಲಿಮೀಟರಿಗೊಮ್ಮೆ ಕಣ್ಣಿಗೆ ಕಾಣದಷ್ಟು ಸಣ್ಣ ತೆರವು, ಅದೇ ರಾನ್ವಿಯರ್ ಗಂಟು. ಸೋಡಿಯಂ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಕಣಗಳು, ತಂತುವಿನ ಒಳನುಗ್ಗುವುದು ಅಲ್ಲಿ. ಒಳಗಿನ ವೋಲ್ಟೇಜ್ ಮೈನಸ್ 70 ಮಿಲಿವೋಲ್ಟಿನಿಂದ ಪ್ಲಸ್ 30ರ ಆಸುಪಾಸಿಗೆ ಜಿಗಿದು ಮುಂದಿನ ಗಂಟನ್ನು ಎಬ್ಬಿಸುತ್ತದೆ. ಗಂಟು ಗಂಟಿನಲ್ಲೂ ಹೊಸದಾಗಿ ಹುಟ್ಟುವುದರಿಂದಲೇ ಸಂಕೇತ ಪಾದದವರೆಗೂ ಸೊರಗುವುದಿಲ್ಲ. ಕೈಯ ದಪ್ಪ ತಂತುಗಳಲ್ಲಿ ವೇಗ ಸೆಕೆಂಡಿಗೆ 50–60 ಮೀಟರ್. ಉರಿನೋವು ಒಯ್ಯುವ, ಹೊದಿಕೆಯಿಲ್ಲದ ಸಪೂರ ತಂತುಗಳಲ್ಲಿ ಒಂದೆರಡು ಮೀಟರ್ ಅಷ್ಟೇ.

ಲೇಖನ ಬಿಟ್ಟದ್ದು ಈ ವೇಗ ಅಳೆಯುವ ನರ ಪರೀಕ್ಷೆಯ ವಿಷಯ. ಮಣಿಕಟ್ಟಿನಲ್ಲೊಮ್ಮೆ, ಮೊಣಕೈಯಲ್ಲೊಮ್ಮೆ ಸಣ್ಣ ಶಾಕ್ ಕೊಟ್ಟು, ಹೆಬ್ಬೆರಳ ಬುಡದ ಸ್ನಾಯು ಸ್ಪಂದಿಸಲು ಹಿಡಿಯುವ ಸಮಯ ಅಳೆಯುತ್ತಾರೆ. ಎರಡು ಜಾಗಗಳ ಅಂತರ 220 ಮಿ.ಮೀ., ಸಮಯದ ವ್ಯತ್ಯಾಸ 4 ಮಿಲಿಸೆಕೆಂಡ್ ಆದರೆ ವೇಗ 55 ಮೀಟರ್. ಹೊದಿಕೆ ಕಳಚಿದರೆ ವೇಗ ಕುಸಿಯುತ್ತದೆ. ದೇಹದ ರೋಗನಿರೋಧಕ ಶಕ್ತಿಯೇ ನರಗಳ ಮೇಲೆ ಎರಗುವ ಗಿಯಾನ್ ಬಾರೆ ಸಿಂಡ್ರೋಮಿನಲ್ಲಿ ಸಾಮಾನ್ಯವಾಗಿ ಆಗುವುದು ಇದು. ಒಳಗಿನ ತಂತುವೇ ಸತ್ತರೆ ವೇಗ ಅಷ್ಟಾಗಿ ಇಳಿಯದು, ಸ್ನಾಯುವಿನ ಸ್ಪಂದನವನ್ನು ಯಂತ್ರ ತೋರಿಸುವ ಅಲೆಯ ಎತ್ತರ ಇಳಿಯುತ್ತದೆ. ಹೊದಿಕೆ ಕೆಲವು ವಾರ, ತಿಂಗಳುಗಳಲ್ಲಿ ಮತ್ತೆ ಕಟ್ಟಿಕೊಳ್ಳಬಹುದು. ತುಂಡಾದ ತಂತು ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಹಾಗಾಗಿ ರಿಪೋರ್ಟಿನಲ್ಲಿ ಎರಡೂ ಅಂಕಿ ನೋಡಬೇಕು. ಬೀಡಿ ಕಟ್ಟುವವರ ಕೈಜೋಮಿನಲ್ಲಂತೂ ಮಣಿಕಟ್ಟಿನಿಂದ ಬೆರಳಿಗೆ ತಡವಾಗುತ್ತಿದೆಯೇ ಎಂಬುದನ್ನು ಬೇರೆಯಾಗಿಯೇ ನೋಡಬೇಕು, ನರ ಅದುಮಿಹೋಗುವುದು ಮಣಿಕಟ್ಟಿನಲ್ಲೇ. ಮುಂಗೈಯ ವೇಗ ಸರಿ ಇದ್ದ ಮಾತ್ರಕ್ಕೆ ಎಲ್ಲ ಸರಿ ಎನ್ನುವಂತಿಲ್ಲ.

ಲೆಕ್ಕ ತಪ್ಪುವುದು ಸಣ್ಣ ಕಾರಣಗಳಿಗೆ. ಎಸಿ ಕೋಣೆಯಲ್ಲಿ ಕೈ ತಣ್ಣಗಾದರೆ ಡಿಗ್ರಿಗೆ ಹತ್ತಿರ ಹತ್ತಿರ ಎರಡು ಮೀಟರ್ ವೇಗ ಇಳಿದು, ಇಲ್ಲದ ಕಾಯಿಲೆ ಕಾಣಿಸುತ್ತದೆ. ಚರ್ಮ 32 ಡಿಗ್ರಿಗೆ ಬರುವಷ್ಟು ಬೆಚ್ಚಗೆ ಮಾಡಿಯೇ ಅಳೆಯಬೇಕು. ನಮ್ಮೂರಲ್ಲಿ ಜೋಮಿಗೆ ಮೊದಲ ಮದ್ದು ತೆಂಗಿನೆಣ್ಣೆ ತಿಕ್ಕುವುದು! ಎಣ್ಣೆ ಹಚ್ಚಿದ ಚರ್ಮದ ಮೇಲೆ ಸಂಕೇತ ಹಿಡಿಯುವ ಎಲೆಕ್ಟ್ರೋಡ್ ಸರಿಯಾಗಿ ಕೂರದೆ ಅಲೆ ಕೆಡುತ್ತದೆ. ಸೋಪು ಹಾಕಿ ತೊಳೆದು, ಬಳೆ ಉಂಗುರ ತೆಗೆದು ಬನ್ನಿ. ಪೇಸ್‌ಮೇಕರ್ ಇದ್ದರೆ ಮೊದಲೇ ತಿಳಿಸಿ.

ಈ ಯಂತ್ರಕ್ಕೆ ಸಿಗುವುದು ದಪ್ಪ ತಂತುಗಳ ಸಂಕೇತ ಮಾತ್ರ. ಸಕ್ಕರೆ ಕಾಯಿಲೆಯವರ ಅಂಗಾಲಿನ ಉರಿ ಸಪೂರ ತಂತುಗಳದ್ದಾದರೆ ರಿಪೋರ್ಟ್ ‘ನಾರ್ಮಲ್’ ಎಂದೇ ಬರಬಹುದು. ಅಂಥವರನ್ನು ಮನಸ್ಸಿನ ಭ್ರಮೆ ಎಂದು ಮನೆಯಲ್ಲಿ ಕೂರಿಸದೆ ಮತ್ತೆ ವೈದ್ಯರಿಗೆ ತೋರಿಸಿ.

– ನರ ಪರೀಕ್ಷಾ ತಂತ್ರಜ್ಞರು, ಮಂಗಳೂರು