ಜೇನಿನ ರೋಗ ತೋರ್ಸಾಕ ಎಲ್ಲಿಗೆ ಹೋಗ್ಬೇಕ್ರಿ?

ಸಂಪಾದಕರಿಗೆ ನಮಸ್ಕಾರ್ರಿ,

ಸಾಕಿದ ಜೇನಿನಾಗ, ಕಾಡುಜೇನಿನಾಗ ಹೊಸ ಹೊಸ ವೈರಸ್ ಸಿಗಾಕತ್ತಾವ ಅಂತ ಮೊನ್ನೆ ಮೊಬೈಲ್‌ನಾಗ ಓದಿದ ಮ್ಯಾಲ ನಮ್ಮ ತೋಟದ ಪೆಟ್ಟಿಗಿ ನೆನಪಾದ್ವು. ಇಂಡಿ ಕಡೆ ನಂದು ಲಿಂಬಿ ತೋಟ, ನಾಕು ತುಡುವೆ ಜೇನಿನ ಪೆಟ್ಟಿಗಿ ಇಟ್ಟಿದ್ದೆ. ಹೋದ ವರ್ಷ ಒಂದು ತೆಗೆದು ನೋಡಿದ್ರ ಮರಿ ಎಲ್ಲಾ ತಲಿ ಮ್ಯಾಲ ಮಾಡಿ ಸತ್ತಿದ್ವು, ಕಡ್ಡಿಲೆ ಎತ್ತಿದ್ರ ನೀರು ತುಂಬಿದ ಸಣ್ಣ ಚೀಲದಂಗ ಹೊರಗ ಬಂತು. ಪೆಟ್ಟಿಗಿ ಕೊಟ್ಟಾವ್ರು ಆ್ಯಂಟಿಬಯೋಟಿಕ್ ಪುಡಿ ಸಕ್ರಿ ನೀರಾಗ ಕಲಿಸಿ ಇಡ್ರಿ ಅಂದ್ರು, ಇಟ್ಟೆ, ತಿಂಗಳೊಳಗ ಮೂರು ಪೆಟ್ಟಿಗಿ ಖಾಲಿ. ಆಮ್ಯಾಲ ಗೊತ್ತಾತು, ಈ ಲಕ್ಷಣ ಥಾಯ್ ಸ್ಯಾಕ್‌ಬ್ರೂಡ್ ರೋಗದ್ದು, ಅದು ವೈರಸ್, ಅದಕ್ಕ ಆ್ಯಂಟಿಬಯೋಟಿಕ್ ಏನ್ ಮಾಡ್ತದ್ರಿ? 1990ರ ದಶಕದ ಸುರುವಿನಾಗ ದಕ್ಷಿಣ ಭಾರತದ ತುಡುವೆ ಗೂಡು ಸಾಲುಸಾಲಾಗಿ ಖಾಲಿ ಆಗಿದ್ದು ಇದರಿಂದನ, ಮಲೆನಾಡಿನ ಹಳೇ ಜೇನು ಸಾಕಣೆದಾರರಿಗೆ ಕೇಳಿ ನೋಡ್ರಿ.

ಈಗ ವಿಜ್ಞಾನಿಗಳು ಹುಳ ಅರೆದು ಅದರೊಳಗಿನ ಆರ್‌ಎನ್‌ಎ (ಹುಳದ್ದೂ ಇರ್ತದ, ವೈರಸ್‌ದೂ ಇರ್ತದ, ಅವುಗಳ ಗುರುತಿನ ಬರಹ ಇದ್ದಂಗ) ಎಲ್ಲಾ ಒಮ್ಮೆಲೇ ಓದ್ತಾರ, ಹಿಂಗಾಗಿ ಗಟ್ಟಿಮುಟ್ಟಾದ ಹುಳದಾಗೂ ವೈರಸ್ ಸಿಗ್ತಾವ. ಎಲ್ಲಾ ಕೊಲ್ಲೋವಲ್ಲ. (ಜೇನುತುಪ್ಪ ತಿಂದ್ರ ನಮಗೂ ಹತ್ತತಾವೇನು ಅಂತ ಮನ್ಯಾಗ ಕೇಳಿದ್ರು, ಇಲ್ರಿ, ಮನುಷ್ಯಾರಿಗೆ ಹತ್ತಂಗಿಲ್ಲ.) ಆದ್ರ ರೆಕ್ಕಿ ಮುದುಡಿಸೋ ವೈರಸ್ ಒಂದದ, ವರೋವಾ ಅನ್ನೋ ನುಸಿ ಕಡದು ಹರಡ್ತದ, ಬ್ರಿಟನ್‌ನಾಗ ಅದು ಮೈತುಂಬ ಕೂದಲಿರೋ ಬಂಬಲ್ ಬೀ ಅನ್ನೋ ಕಾಡಿನ ದಪ್ಪ ಜೇನಿನಾಗೂ ಸಿಕ್ಕದ. ರೋಗದ ಹುಳ ಕುಂತೆದ್ದ ಹೂವಿನಿಂದಾನೂ ಇನ್ನೊಂದಕ್ಕ ದಾಟಬಹುದಂತ. ನಮ್ಮ ಲಿಂಬಿ ಹೂವಿಗೆ ಪೆಟ್ಟಿಗಿ ಜೇನೂ ಬರ್ತಾವ, ಕಂಟಿಯೊಳಗಿನ ಕೋಲ್ಜೇನೂ ಬರ್ತಾವ, ನೀರಿನ ಟಾಕಿಗೆ ಕಟ್ಟಿದ ಹೆಜ್ಜೇನೂ ಬರ್ತಾವ, ನೀ ಯಾರ ಮನಿಯಾಕಿ ಅಂತ ಹೂವು ಕೇಳ್ತದೇನು?

ಆಕಳಿಗೆ ಜ್ವರ ಬಂದ್ರ ದನದ ದವಾಖಾನಿ ಅದ, ಮಣ್ಣಿಗೂ ಲ್ಯಾಬ್ ಅದ. ಸತ್ತ ಮರಿ ಡಬ್ಬ್ಯಾಗ ಹಾಕ್ಕೊಂಡು ನಾ ಎರಡು ಕಚೇರಿ ತಿರುಗಿದೆ, ಇವ್ರು ಅಲ್ಲಿಗೆ ಹೋಗು ಅಂದ್ರು, ಅವ್ರು ಇಲ್ಲಿಗೆ ಬಾ ಅಂದ್ರು, ಅಷ್ಟ್ರಾಗ ಡಬ್ಬಿ ನಾರಾಕತ್ತು. ಬಾಗಲಕೋಟೆದಾಗ ತೋಟಗಾರಿಕೆ ವಿಶ್ವವಿದ್ಯಾಲಯ ಅದ, ಧಾರವಾಡದಾಗ ಕೃಷಿ ವಿಶ್ವವಿದ್ಯಾಲಯ ಅದ, ವರ್ಷಕ್ಕೊಮ್ಮೆರ ಹಳ್ಳಿಗಳಿಂದ ಸಾಕಿದ್ದೂ ಕಾಡಿಂದೂ ಹುಳ ತರಿಸಿ ವೈರಸ್ ಪರೀಕ್ಷೆ ಮಾಡಿ ಯಾವ ತಾಲ್ಲೂಕಿನಾಗ ಏನದ ಅಂತ ಪೇಪರ್‌ನಾಗ ಹಾಕ್ಲಿ. ಜೇನು ತುಂಬಿದ ಪೆಟ್ಟಿಗಿ ಒಂದೂರಿಂದ ಇನ್ನೊಂದೂರಿಗೆ ಮಾರೋ ಮೊದಲ ಮರಿ ತಪಾಸಣೆನೂ ಆಗ್ಲಿ. ನಂದು ಒಂದು ಪೆಟ್ಟಿಗಿ ಇನ್ನೂ ಉಳದದ, ಸ್ಯಾಂಪಲ್ ಬೇಕಂದ್ರ ಬಸ್ ಹತ್ತಿ ನಾನೇ ತಂದ್ ಕೊಡ್ತೀನಿ.

– ಒಬ್ಬ ಲಿಂಬಿ ಬೆಳೆಗಾರ, ಇಂಡಿ ತಾಲ್ಲೂಕು, ವಿಜಯಪುರ ಜಿಲ್ಲೆ