ಮಲ್ಲಿಗೆ ಯಾರಿಗೆ ಕೊಟ್ಟೆ, ಮಾರಾಯ?

ಮಡಿಕೇರಿ
ಆಟಿ ತಿಂಗಳು, ಮಳೆ ಬಿಡದ ರಾತ್ರಿ

ಪ್ರೀತಿಯ ಕೊಡೆಕಳ್ಳಾ,

ಸಂಜೆ ಹೋದ ಕರೆಂಟು ಇನ್ನೂ ಬಂದಿಲ್ಲ. ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ಈ ಪತ್ರ. ಈ ಮಡಿಕೇರಿ ಮಲಗಿದೆ. ಬಾಡಿಗೆ ಸರ್ವರಿನಲ್ಲಿ ನಾನು ಕಟ್ಟಿದ ಆಟದ ಇನ್ನೊಂದು ಮಡಿಕೇರಿ ಎಚ್ಚರವಾಗಿದೆ, ಅಲ್ಲಿ ಮಳೆಗೆ ಸ್ವಿಚ್ಚೂ ಇದೆ. "ಚಿತ್ರ ಇಲ್ಲ, ಸದ್ದಿಲ್ಲ, ಬರೀ ಅಕ್ಷರದ ಆಟ, ಅದಕ್ಕೆ ಎರಡು ವರ್ಷ ಯಾಕೆ?" ಅಂತ ನೀನು ಕೇಳಿದ್ದಕ್ಕೆ ಉತ್ತರ ಇಲ್ಲಿ ಎಲ್ಲರೆದುರು ಬರೆಯುತ್ತಿದ್ದೇನೆ. ಕನ್ನಡದಲ್ಲಿ ಇಂಥದ್ದೊಂದು ಕಟ್ಟುವ ಹುಚ್ಚು ಇನ್ಯಾರಿಗಾದರೂ ಇದ್ದರೆ ಅವರಿಗಾದರೂ ನಾಲ್ಕು ರಾತ್ರಿ ನಿದ್ದೆ ಸಿಗಲಿ.

ಗೊತ್ತಿಲ್ಲದವರಿಗೆ ಎರಡೇ ಮಾತು. ಈ ಜಾತಿಯ ಆಟಕ್ಕೆ ಮಡ್ ಅನ್ನುತ್ತಾರೆ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಶುರು ಮಾಡಿ ರಿಚರ್ಡ್ ಬಾರ್ಟಲ್ ಮುಂದುವರಿಸಿದ ಆಟದ ಹೆಸರೇ ಇಡೀ ಕುಲಕ್ಕೆ ನಿಂತಿತು. ಕೋಣೆಯ ವರ್ಣನೆ ಓದುತ್ತೀಯ, 'ಹೋಗು', 'ತಗೋ', 'ಹೇಳು' ಅಂತ ಟೈಪ್ ಮಾಡುತ್ತೀಯ, ಅದೇ ಕೋಣೆಯಲ್ಲಿರುವ ಇನ್ನೊಬ್ಬರ ಪರದೆಯಲ್ಲಿ ಅದು ಮೂಡುತ್ತೆ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎವೆನ್ನಿಯಾ ಅನ್ನುವ ಸಿದ್ಧ ಚೌಕಟ್ಟಿದೆ, ಬುದ್ಧಿ ಇರುವವರು ಅದನ್ನೇ ಹಿಡಿಯಬೇಕು. ನಾನು ಹಿಡಿಯಲಿಲ್ಲ. ಸಾಕೆಟ್ ತೆರೆ, ಸಾಲು ಓದು, ಆಜ್ಞೆ ಹುಡುಕು, ಉತ್ತರ ಕಳಿಸು: ಇಷ್ಟು ಒಂದು ವಾರದ ಕೆಲಸ. ಉಳಿದ ಕಾಲವೆಲ್ಲ ಕನ್ನಡಕ್ಕೆ ಹೋಯಿತು.

ಮೊದಲ ಪೆಟ್ಟು ದಿಕ್ಕಿನಲ್ಲೇ ಬಿತ್ತು. ಇಂಗ್ಲಿಷ್ ಆಟಗಳಲ್ಲಿ ದಿಕ್ಕಿಗೊಂದು ಅಕ್ಷರ ಒತ್ತಿದರೆ ಸಾಕು. ನಮ್ಮಲ್ಲಿ ಪೂರ್ವವೂ ಪಶ್ಚಿಮವೂ ಪಕಾರ. ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ 'ಪೂ' ಅನ್ನುವುದು 'ಪ' ಮತ್ತು ಕೊಂಬಿನ ದೀರ್ಘ, ಹೀಗೆ ಎರಡು ಬಿಡಿ ಸಂಕೇತ. ಮೊದಲ ಸಂಕೇತ ಮಾತ್ರ ಹೋಲಿಸುವ ಸಾಲಿಗೆ ಎರಡೂ ಒಂದೇ, ಹಾಗಾಗಿ ಪಶ್ಚಿಮದ ಭಾಗಮಂಡಲಕ್ಕೆ ಹೊರಟವರು ಪೂರ್ವದ ಕುಶಾಲನಗರದಲ್ಲಿ ಹೋಗಿ ನಿಲ್ಲುತ್ತಿದ್ದರು. ಹಳಬರ ಮಾತೇ ಕಾಪಾಡಿತು: ಮೂಡು, ಪಡು, ಬಡಗು, ತೆಂಕು. ನಾಲ್ಕಕ್ಕೂ ಬೇರೆ ಬೇರೆ ಮೊದಲಕ್ಷರ. 'ಮೇಲೆ' ಮಾತ್ರ ಮೂಡಿನ ಜೊತೆ ಜಗಳಕ್ಕೆ ಬಂತು, ಅದನ್ನು 'ಹತ್ತು' ಮಾಡಿದೆ. 'ಕೆಳಗೆ' ಹೋಗಿ 'ಇಳಿ' ಆಯಿತು. "ಹತ್ತು ಅಂದರೆ ಹತ್ತು ಸಲವಾ?" ಅಂತ ಕೇಳಿದ ಏಕೈಕ ಪ್ರಾಣಿ ನೀನು.

ಆಮೇಲೆ ವಾಕ್ಯ. ಇಂಗ್ಲಿಷಿನವರು ಮೊದಲ ಪದವನ್ನು ಕ್ರಿಯಾಪದ ಅಂತ ಹಿಡಿದು ನಿಶ್ಚಿಂತೆಯಿಂದ ಇರುತ್ತಾರೆ. ನಮ್ಮ ಕ್ರಿಯಾಪದ ಕೊನೆಯಲ್ಲಿ, ಅದಕ್ಕೂ ಮೊದಲು ಬರುವ ಪದಗಳಿಗೆ ವಿಭಕ್ತಿಯ ಬಾಲ: 'ಬುಟ್ಟಿಯಿಂದ ಕತ್ತಿ ತೆಗೆ'. ಬಾಲ ಕತ್ತರಿಸಿದರೆ ಆಯಿತಲ್ಲ ಅನಿಸುತ್ತೆ. 'ಗೆ' ಕತ್ತರಿಸುವ ನಿಯಮ ಹಾಕಿದರೆ ಹೊಗೆ 'ಹೊ' ಆಗುತ್ತೆ, ಮಲ್ಲಿಗೆ 'ಮಲ್ಲಿ' ಆಗುತ್ತೆ. ನಮ್ಮ ಸಂತೆಯಲ್ಲಿ ಹೂ ಮಾರುವ ಮಲ್ಲಿ ಅನ್ನುವ ಪಾತ್ರ ಬೇರೆ ಇದ್ದಾಳೆ. ಕೈಯಲ್ಲಿ ಹೂ ಹಿಡಿದವನು 'ಮಲ್ಲಿಗೆ ಕೊಡು' ಅಂದರೆ ಯಂತ್ರ ಹೂ ಕೊಡಬೇಕಾ, ಅವಳಿಗೆ ಕೊಡಬೇಕಾ? ಇದಕ್ಕೆ ವ್ಯಾಕರಣದ ಮೇಷ್ಟ್ರ ಹತ್ತಿರವೂ ಉತ್ತರ ಇರಲಿಕ್ಕಿಲ್ಲ. ಸಾಲದ್ದಕ್ಕೆ ಮರ 'ಮರಕ್ಕೆ', 'ಮರದಿಂದ' ಆಗುತ್ತೆ, ಬಾವಿ 'ಬಾವಿಗೆ', 'ಬಾವಿಯಿಂದ' ಆಗುತ್ತೆ, ಹಸು 'ಹಸುವಿಗೆ' ಆಗುತ್ತೆ. ಒಂದು ಕತ್ತರಿ ಎಲ್ಲಕ್ಕೂ ಆಗುವುದಿಲ್ಲ.

ಕತ್ತರಿಸುವುದು ಬಿಟ್ಟು ಹುಟ್ಟಿಸಬೇಕು. ವಸ್ತು ಸೃಷ್ಟಿಯಾಗುವಾಗಲೇ ಅದರ ಹೆಸರಿನ ಎಲ್ಲ ರೂಪಗಳನ್ನೂ ಮಾಡಿ, ಯಾವುದು ಯಾವ ವಿಭಕ್ತಿ ಅನ್ನುವ ಚೀಟಿ ಅಂಟಿಸಿ ನಿಘಂಟಿಗೆ ಹಾಕಿಬಿಡು. ಆಟಗಾರ ಬರೆದ ಪದವನ್ನು ಆ ಕೋಣೆಯಲ್ಲಿರುವ ಮತ್ತು ಅವನ ಕೈಯಲ್ಲಿರುವ ವಸ್ತುಗಳ ರೂಪಗಳ ಜೊತೆ ಮಾತ್ರ ಹೋಲಿಸು. ಮಲ್ಲಿಯೂ ಮಲ್ಲಿಗೆಯೂ ಒಂದೇ ಕಡೆ ಸೇರಿದಾಗ ಮಾತ್ರ ಆಟ ಕೇಳುತ್ತೆ: "ಹೂವಾ, ಹುಡುಗಿಗಾ?"

ಹೋಲಿಸುವ ಮೊದಲು ಎರಡು ಶುದ್ಧಿ ಕಡ್ಡಾಯ. 'ಕೊ'ದಲ್ಲಿರುವ ಸ್ವರಚಿಹ್ನೆ ಒಂದೇ ಸಂಕೇತವಾಗಿಯೂ ಬರಬಹುದು, ಎರಡು ತುಂಡಾಗಿಯೂ ಬರಬಹುದು; ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ಎನ್‌ಎಫ್‌ಸಿ ಸಾಮಾನ್ಯೀಕರಣ ಮಾಡಿದರೆ ಒಂದಾಗುತ್ತೆ. ಇನ್ನೊಂದು, ಒತ್ತಕ್ಷರ ಬಿಡಿಸಲು ಕೀಲಿಮಣೆ ತುರುಕುವ, ಕಣ್ಣಿಗೆ ಕಾಣದ ಜೀರೋ ವಿಡ್ತ್ ನಾನ್ ಜಾಯ್ನರ್. ತೋರಿಸುವಾಗ ಇರಲಿ, ಹೆಸರು ಹೋಲಿಸುವಾಗ ಕಿತ್ತು ಹಾಕು. ಇಲ್ಲದಿದ್ದರೆ ಒಂದೇ ಹೆಸರಿನ ಇಬ್ಬರು ಊರಲ್ಲಿ ತಿರುಗುತ್ತಾರೆ, ಒಬ್ಬ ಮಾಡಿದ ಸಾಲಕ್ಕೆ ಇನ್ನೊಬ್ಬ ಬೈಸಿಕೊಳ್ಳುತ್ತಾನೆ.

ಅಳತೆಯ ಗೋಳು ಬೇರೆ. ಯೂನಿಕೋಡನ್ನು ಬೈಟಿಗೆ ಇಳಿಸುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. 'ಮಡಿಕೇರಿ' ನೋಡಲು 4 ಅಕ್ಷರ, ಒಳಗೆ 7 ಸಂಕೇತ, ತಂತಿಯಲ್ಲಿ 21 ಬೈಟ್. ಜಾಲದಲ್ಲಿ ಸಾಗಿಸುವ ಟಿಸಿಪಿ ಇದನ್ನು ಎಲ್ಲಿ ಬೇಕಾದರೂ ತುಂಡು ಮಾಡಿ ತಂದುಕೊಡಬಹುದು. ಬಂದಷ್ಟನ್ನು ಬಂದಂತೆ ಬಿಡಿಸಹೋದರೆ ಅರ್ಧ ಅಕ್ಷರ ಸಿಕ್ಕಿ ಸಂಪರ್ಕ ಕಡಿದು ಬೀಳುತ್ತೆ, ಅದೂ ಉದ್ದ ಮಾತಾಡುವವರಿಗೇ ಹೆಚ್ಚು. ಉಳಿದ ಬೈಟನ್ನು ಮುಂದಿನ ಕಂತಿಗೆ ಕಾದಿಡುವ ಡಿಕೋಡರ್ ಪೈಥಾನಿನಲ್ಲೇ ಇದೆ, ಅದನ್ನೇ ಬಳಸು. ಗುಪ್ತಪದದಲ್ಲೂ ಇದೇ ಲೆಕ್ಕ. ಗುಪ್ತಪದವನ್ನು ಗುರುತು ಸಿಗದಂತೆ ಮಾಡಿ ಇಡುವ ಬಿಕ್ರಿಪ್ಟ್ 72 ಬೈಟಿನಾಚೆ ನೋಡುವುದಿಲ್ಲ, ಅಂದರೆ ಕನ್ನಡದ 24 ಸಂಕೇತ. ಉದ್ದದ ಗಾದೆಯನ್ನು ಗುಪ್ತಪದ ಮಾಡಿಕೊಂಡವರ ಗಾದೆಯ ಉತ್ತರಾರ್ಧ ಬರೀ ಅಲಂಕಾರ. ಅದರ ಬದಲು ಎಸ್‌ಕ್ರಿಪ್ಟ್ (scrypt) ಅಥವಾ ಆರ್ಗಾನ್2 ಸರಿ.

ಟೆಲ್ನೆಟ್ಟಿನಲ್ಲಿ (ಟರ್ಮಿನಲ್ಲಿನಿಂದ ಸರ್ವರಿಗೆ ಸೇರುವ ಹಳೆಯ ದಾರಿ) ಗುಪ್ತಪದ ಕಾಣದಂತೆ ಮಾಡಲು ಸರ್ವರ್ 255, 251, 1 ಅನ್ನುವ ಮೂರು ಬೈಟ್ ಕಳಿಸಬೇಕು, ಅಂದರೆ 'ಟೈಪ್ ಮಾಡಿದ್ದನ್ನು ತೋರಿಸುವುದು ನನಗಿರಲಿ'; ಮುಗಿದ ಮೇಲೆ 255, 252, 1, ಅಂದರೆ 'ಇನ್ನು ನೀನೇ ತೋರಿಸು'. ಎರಡನೆಯದು ಮರೆತರೆ ಪಾಪ ಆಟಗಾರ ಕುರುಡನಂತೆ ಟೈಪ್ ಮಾಡುತ್ತಾ ಕೂರುತ್ತಾನೆ. ಮೊದಲನೆಯದಕ್ಕೆ ಆ ಕಡೆಯಿಂದ 255, 253, 1, ಅಂದರೆ 'ಆಗಲಿ', ಅಂತ ಉತ್ತರ ಬರುತ್ತೆ. ಅದನ್ನು ಸೋಸದಿದ್ದರೆ ಗುಪ್ತಪದದ ತಲೆಗೆ ಅಂಟಿಕೊಂಡು, ಸರಿಯಾದ ಪದಕ್ಕೂ ತಪ್ಪು ಅನ್ನುತ್ತೆ. ಸಮಾಧಾನ ಅಂದರೆ ಯುಟಿಎಫ್-8ರಲ್ಲಿ 255 ಎಂದೂ ಬರುವುದಿಲ್ಲ, ಹಾಗಾಗಿ ಸೋಸುವಾಗ ಕನ್ನಡಕ್ಕೆ ಪೆಟ್ಟಾಗದು. ಆದರೂ ಈಗ ಹೊಸಬರಿಗೆಲ್ಲ ವೆಬ್‌ಸಾಕೆಟ್ಟಿನ ಪುಟವನ್ನೇ, ಅಂದರೆ ಬ್ರೌಸರಿನಲ್ಲೇ ಆಡುವ ದಾರಿಯನ್ನೇ, ಕೊಡುತ್ತೇನೆ. ಟರ್ಮಿನಲ್ಲಿನ ಚೌಕದೊಳಗೆ ಒತ್ತಕ್ಷರ ಚೆಲ್ಲಾಪಿಲ್ಲಿಯಾಗುತ್ತೆ, ಬ್ರೌಸರ್ ತಾನೇ ಜೋಡಿಸಿಕೊಳ್ಳುತ್ತೆ. ಟೆಲ್ನೆಟ್ ಹಟಮಾರಿಗಳ ಸಂಪರ್ಕ ಸುಮ್ಮನಿದ್ದಾಗ ಮೊಬೈಲ್ ಜಾಲ ಕಡಿದು ಹಾಕದಿರಲಿ ಅಂತ ನಿಮಿಷಕ್ಕೊಮ್ಮೆ 255, 241, ಅಂದರೆ 'ಏನೂ ಮಾಡಬೇಡ', ಕಳಿಸು.

ಆನೆ ವಿಷಯ ಕೇಳಿ ನಕ್ಕಿದ್ದೆಯಲ್ಲ, ಈಗ ಕಾರಣ ಕೇಳು. ತೋಟದಲ್ಲಿ ಬಿಟ್ಟ ಆನೆಗಳು ಎರಡು ದಿನದಲ್ಲಿ ಜನರಲ್ ತಿಮ್ಮಯ್ಯ ಸರ್ಕಲ್ಲಿನಲ್ಲಿ ಬಂದು ನಿಲ್ಲುತ್ತಿದ್ದವು. ಅವಕ್ಕೆ ಕೊಟ್ಟ ಬುದ್ಧಿ ಇಷ್ಟೇ: ಇರುವ ಬಾಗಿಲುಗಳಲ್ಲಿ ಒಂದನ್ನು ಚೀಟಿ ಎತ್ತಿ ನಡೆ. ಹೋದ ಬಾಗಿಲಲ್ಲೇ ವಾಪಸ್ ಬರಬಹುದಾದ ನಕ್ಷೆಯಲ್ಲಿ ಹೀಗೆ ಅಲೆಯುವ ಪ್ರಾಣಿ, ಬಹಳ ಹೊತ್ತಿನ ಮೇಲೆ, ಬಾಗಿಲು ಎಷ್ಟಿವೆಯೋ ಅದರ ಪ್ರಮಾಣದಲ್ಲೇ ಆಯಾ ಕೋಣೆಯಲ್ಲಿ ಸಿಗುತ್ತೆ. ತೋಟದ ದಾರಿಗೆ 2 ಬಾಗಿಲು, ಸರ್ಕಲ್ಲಿಗೆ 5. ಅಂದರೆ ಎರಡೂವರೆ ಪಾಲು ಆನೆ. ಪ್ರತಿ ಕೋಣೆಗೂ ಕಾಡು, ತೋಟ, ಪೇಟೆ ಅಂತ ಗುರುತು ಹಾಕಿ, ಪೇಟೆಯ ಬಾಗಿಲನ್ನು ಚೀಟಿಯಿಂದಲೇ ತೆಗೆದ ಮೇಲೆ ಸರಿಹೋಯಿತು. ನಿಜವಾದ ಆನೆಗಳಿಗೆ ಈ ನಿಯಮ ಗೊತ್ತಿಲ್ಲ ಅನ್ನುವುದು ಬೇರೆ ಮಾತು. ಇನ್ನೊಂದು ಎಚ್ಚರಿಕೆ: ಆನೆಗೊಂದು ಗಡಿಯಾರ ಕಟ್ಟಬೇಡ. ಇಡೀ ಲೋಕಕ್ಕೆ 2 ಸೆಕೆಂಡಿಗೊಂದು ಮಿಡಿತ ಸಾಕು. ಅದರೊಳಗೆ ಎಲ್ಲಾದರೂ ಸ್ಲೀಪ್ ಅಂತ ಬರೆದರೆ ಆ ಪ್ರಾಣಿಯ ಜೊತೆ ಊರೆಲ್ಲ ಮಲಗುತ್ತೆ.

ಪಾಯಸ ಸರಿಯಾದ ಹೊತ್ತಿಗೆ ಸಿಗಲಿಲ್ಲ ಅನ್ನುವ ನಿನ್ನ ದೂರು ಒಪ್ಪಿದೆ. ಆಟಿ ಹದಿನೆಂಟು, ಆಗಸ್ಟ್ 3, ಅಂದು ಮಾತ್ರ ಮದ್ದುಸೊಪ್ಪಿನ ಪಾಯಸ ಸಿಗಬೇಕಿತ್ತು. ಸರ್ವರಿನ ಗಡಿಯಾರ ಯುಟಿಸಿಯಲ್ಲಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯದಲ್ಲಿತ್ತು. ಹಾಗಾಗಿ ನಮ್ಮ ಆಟಿ ಬೆಳಿಗ್ಗೆ ಐದೂವರೆಗೆ ಹುಟ್ಟಿ ಮರುದಿನ ಐದೂವರೆವರೆಗೆ ನಡೆಯಿತು. ಮಧ್ಯರಾತ್ರಿ ಬಟ್ಟಲು ಹಿಡಿದು ನಿಂತವನು ನೀನೇ ಅಂತ ಗೊತ್ತು.

ಕಾಫಿ ಮೂಟೆ ಎರಡಾಗುತ್ತಿದ್ದದ್ದಕ್ಕೆ ಕಾರಣ: ಮೂಟೆಯನ್ನು ಕಣದಲ್ಲಿ ಇಳಿಸಿದಾಗ ಕಣದ ಲೆಕ್ಕ ಒಮ್ಮೆ, ಆಟಗಾರನ ಲೆಕ್ಕ ಇನ್ನೊಮ್ಮೆ ಡಿಸ್ಕಿಗೆ ಹೋಗುತ್ತಿತ್ತು. ನಡುವೆ ಸರ್ವರ್ ಬಿದ್ದರೆ ಕಣದಲ್ಲೂ ಮೂಟೆ, ಹೆಗಲ ಮೇಲೂ ಮೂಟೆ. ಎಸ್‌ಕ್ಯೂಲೈಟ್ ಅನ್ನುವ ದತ್ತಕೋಶದಲ್ಲಿ ಎರಡನ್ನೂ ಒಂದೇ ವಹಿವಾಟಿನೊಳಗೆ ಕಟ್ಟಬೇಕು, ಆಗುವುದಾದರೆ ಎರಡೂ ಆಗಲಿ, ಇಲ್ಲದಿದ್ದರೆ ಒಂದೂ ಬೇಡ. ನೀನು ಹೀಗೆ ಸಂಪಾದಿಸಿದ ಮೂಟೆಗಳನ್ನು ವಾಪಸ್ ಕೇಳುವುದಿಲ್ಲ.

ಎಲ್ಲ ಹೇಳಿದೆ, ಒಂದು ಬಿಟ್ಟು. ಮಲ್ಲಿಗೆಯ ಗೊಂದಲ ಹಿಡಿಯಲು ಒಂದು ಸಾಲು ಸೇರಿಸಿದ್ದೆ: ಬಂದ ಪ್ರತಿ ಆಜ್ಞೆಯನ್ನೂ ಹೆಸರು, ಹೊತ್ತು, ಕೋಣೆಯ ಸಂಖ್ಯೆ ಸಮೇತ ಲಾಗಿಗೆ, ಅಂದರೆ ಸರ್ವರಿನ ದಿನಚರಿ ಕಡತಕ್ಕೆ, ಬರೆ. ದೋಷ ಸಿಕ್ಕಿತು, ಸಾಲು ತೆಗೆಯಲು ಮರೆತೆ. ಮರೆತೆ ಅಂತ ಬರೆದೆ ನೋಡು. ಮೊದಲ ವಾರ ಮರೆತದ್ದು ನಿಜ. 'ಪಿಸು' ಕೂಡ ಒಂದು ಆಜ್ಞೆಯೇ ಮಾರಾಯ. ಪಕ್ಕದವರಿಗೆ ಕೇಳದ್ದು ಸರ್ವರಿಗೆ ಇನ್ನೊಂದು ಸಾಲು, ಅಷ್ಟೇ. 1991ರ ಡಿಕು ಮಡ್ಡಿನಲ್ಲೇ ಮೇಲಿನವರು ಕದ್ದು ನೋಡಲು ಸ್ನೂಪ್ ಅನ್ನುವ ಆಜ್ಞೆ ಇತ್ತು. ನಮ್ಮೂರಿಗೆ ಅದು ಬೇಡ ಅಂತ ನಿನ್ನೆದುರು ಭಾಷಣ ಬಿಗಿದವನು ನಾನು. ಸ್ನೂಪಾದರೆ ಆ ಹೊತ್ತಿಗೆ ಕೂತು ನೋಡಬೇಕು. ಲಾಗನ್ನು ಯಾವಾಗ ಬೇಕಾದರೂ ಕಾಫಿ ಕುಡಿಯುತ್ತಾ ಓದಬಹುದು.

ಓದಿದೆ. ಒಂದೇ ರಾತ್ರಿಯಲ್ಲ. ಆನೆಗೂ ಪಾಯಸಕ್ಕೂ ಬರುವವರು ಕಡಿಮೆ, ಹನ್ನೊಂದರ ಮೇಲೆ ಬರುವ ಆರೇಳು ಮಂದಿ ಕಾಫಿ ಕಣದಲ್ಲಿ ಕೂತು ಮಾತಾಡಿ ಎದ್ದುಹೋಗುತ್ತಾರೆ. ಆ ಕೋಣೆಗೆ ನಾನು ಬರೆದ ವರ್ಣನೆ ಎರಡೇ ಸಾಲು. ಅಲ್ಲಿ ನೀನೂ ಇದ್ದೆ. ಯಾರ ಜೊತೆ, ಏನು, ಅಂತ ಇಲ್ಲಿ ಬರೆಯುವುದಿಲ್ಲ. ಅದಕ್ಕೇ ಕಾದು ಓದುತ್ತಿರುವವರು ಕ್ಷಮಿಸಬೇಕು. ನನ್ನ ಹೆಸರು ಒಂದು ಸಲ ಬಂತು. ಇದನ್ನು ನನಗೇ ಹೇಳಬಹುದಿತ್ತಲ್ಲ ಅನಿಸಿತು. ಮಾರನೇ ದಿನ ನೀನು ಫೋನ್ ಮಾಡಿದಾಗ ಏನೂ ಗೊತ್ತಿಲ್ಲದವನ ಹಾಗೆ "ಮತ್ತೇನು ಸಮಾಚಾರ" ಅಂದೆನಲ್ಲ, ಆಗ ತಿಳಿಯಿತು ಯಾಕೆ ಹೇಳಲಿಲ್ಲ ಅಂತ.

ಅಳಿಸಿದ್ದೇನೆ. ಅದೂ ಒಂದೇಟಿಗೆ ಆಗುವ ಕೆಲಸವಲ್ಲ, ಗೊತ್ತಿರಲಿ. ಓಡುತ್ತಿರುವ ಸರ್ವರ್ ತೆರೆದಿಟ್ಟುಕೊಂಡ ಕಡತವನ್ನು ಅಳಿಸಿದರೆ ಲಿನಕ್ಸಿನಲ್ಲಿ ಹೆಸರು ಮಾತ್ರ ಹೋಗುತ್ತೆ, ಸರ್ವರ್ ಮುಚ್ಚುವವರೆಗೂ ಒಳಗಿನದ್ದು ಹಾಗೇ ಇರುತ್ತೆ. ನಿಲ್ಲಿಸಿ ಎಬ್ಬಿಸಬೇಕು. ದಿನಕ್ಕೊಂದರಂತೆ ಮಡಚಿಟ್ಟ ಹಳೆಯ ಪ್ರತಿಗಳು, ರಾತ್ರಿಯ ಬ್ಯಾಕಪ್, ನನ್ನ ಈ ಲ್ಯಾಪ್‌ಟಾಪಿಗೆ ಇಳಿಸಿಕೊಂಡದ್ದು, ಎಲ್ಲ ಹುಡುಕಿ ತೆಗೆಯಬೇಕು. ಕೊನೆಯದಕ್ಕೆ ನಾಲ್ಕು ದಿನ ತಡ ಮಾಡಿದೆ, ಅದನ್ನೂ ಬರೆದುಬಿಡುತ್ತೇನೆ. ಈಗ ಲಾಗಿಗೆ ಹೋಗುವುದು ಕ್ರಿಯಾಪದ, ಕೋಣೆಯ ಸಂಖ್ಯೆ, ಹೊತ್ತು. ಏಳು ದಿನವಾದ ಮೇಲೆ ಅದೂ ಇಲ್ಲ.

ಸಾಕು, ಬ್ಯಾಟರಿ ಕೆಂಪಾಯಿತು. ಇಡೀ ಊರಿನ ಪಿಸುಮಾತು ಕೇಳಿಸಿಕೊಂಡ ದೇವರಿಗೆ ಆನೆಯನ್ನು ಸರ್ಕಲ್ಲಿನಿಂದ ಎಬ್ಬಿಸಲು ಮೂರು ತಿಂಗಳು ಹಿಡಿಯಿತು ಅಂತ ನಕ್ಕುಬಿಡು. ಬೈಯುವುದಿದ್ದರೆ ಕಣದಲ್ಲಿ ಬೈ, ನನಗೆ ಕೇಳಿಸುವುದಿಲ್ಲ.

ಇಂತಿ,
ನಿನ್ನ ಅರ್ಧ ಟಿಕೆಟ್

ತಾಜಾ ಕಲಂ: ಆ ಮೂರನೇ ಕೊಡೆಯನ್ನು ಆಟದೊಳಗೆ ಹಾಕಿದ್ದೇನೆ, ನಾಲ್ಕುನಾಡು ಅರಮನೆಯ ಹಿಂದಿನ ಕೋಣೆಯಲ್ಲಿ. ಒಂದೇ ಇದೆ. ಲಾಗಿನಲ್ಲಿ 'ತಗೋ' ಅಂತ ಬರುತ್ತೆ, ಯಾರು ಅಂತ ಬರುವುದಿಲ್ಲ.